ಘಟ್ಟ ದಾಟದ ಪದವಿ

ಮಾರ್ಚ್ ೧೩, ಗುರುವಾರ

ಇಂದಿನ ವಾರಪತ್ರಿಕೆಯ ಮೂರನೆಯ ಪುಟದಲ್ಲಿ ಬಡ್ ಹ್ಯಾಸ್ಕೆಲ್ ಬರೆದಿರುವುದು ತಪ್ಪು. "ಸಮುದಾಯ ಕಾಲೇಜಿನಲ್ಲಿ ಪದವಿ ಶಿಕ್ಷಣ ಆರಂಭಿಸುವುದನ್ನು ನಿವೃತ್ತ ಶಿಕ್ಷಕಿ ಮಿಸ್ ಹ್ಯಾರಿಯೆಟ್ ಲಿಂಡ್‌ಕ್ವಿಸ್ಟ್ ಕಟುವಾಗಿ ವಿರೋಧಿಸಿದರು" ಎಂದಿದ್ದಾನೆ. ನಾನು ವಿರೋಧಿಸಲಿಲ್ಲ, ಪ್ರಶ್ನಿಸಿದೆ. ಈ ಎರಡರ ನಡುವಿನ ಅಂತರವನ್ನು ಆರನೆಯ ತರಗತಿಯಲ್ಲಿ ಬಡ್‌ಗೆ ಕಲಿಸಿದವಳು ನಾನೇ. ಆಗಲೂ ಅವನು ಕಿಟಕಿಯಾಚೆ ನೋಡುತ್ತಿದ್ದ.

ಊರಿನ ಸಭೆಯಲ್ಲಿ ನಡೆದದ್ದು ಇಷ್ಟು. ಟೈರು ಅಂಗಡಿಯ ಹಿಂದಿರುವ ಆ ಕಾಲೇಜು ಐವತ್ತು ವರ್ಷಗಳಿಂದ ಎರಡು ವರ್ಷದ ಪಾಠಗಳನ್ನು ಹೇಳಿಕೊಡುತ್ತಿದೆ: ಬೆಸುಗೆ ಕೆಲಸ, ದಾದಿಯರ ತರಬೇತಿ, ಲೆಕ್ಕಪತ್ರ. ಅದಕ್ಕಿಂತ ಹೆಚ್ಚು ಓದಬೇಕಾದವರು ಘಟ್ಟ ದಾಟಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ನಾನೂ ಹಾಗೆಯೇ ಹೋದವಳು. ಈಗ ಆ ಕಾಲೇಜೇ ನಾಲ್ಕು ವರ್ಷದ ಪದವಿ ಕೊಡಲಿದೆಯಂತೆ. ಅದೂ ಶಿಕ್ಷಕರಾಗುವ ಪದವಿ. ನಾನು ಎದ್ದು ನಿಂತು, "ಸೈಕಲ್ಲಿಗೆ ಇನ್ನೆರಡು ಚಕ್ರ ಕಟ್ಟಿಬಿಟ್ಟರೆ ಅದು ಕಾರಾಗುತ್ತಾ?" ಎಂದು ಕೇಳಿದೆ. ವಾಕ್ಯದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿದ್ದುದು ಎಲ್ಲರಿಗೂ ಕೇಳಿಸಿರಬೇಕು. ಸಭೆ ಗೊಳ್ಳೆಂದು ನಕ್ಕದ್ದು ನನ್ನ ಹೊಣೆಯಲ್ಲ.

ಮಾರ್ಚ್ ೧೫, ಶನಿವಾರ

ಬೆಳಿಗ್ಗೆ ಬಾಗಿಲು ಬಡಿದವಳು ಯೆಸೇನಿಯಾ ಒರೋಸ್ಕೊ. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಈಗ ಪ್ರಾಥಮಿಕ ಶಾಲೆಯ ಸಹಾಯಕಿ, ಇಬ್ಬರು ಮಕ್ಕಳ ತಾಯಿ. ಕೈಯಲ್ಲಿ ಬಡ್‌ನ ಪತ್ರಿಕೆ ಇತ್ತು. ಒಳಗೆ ಕರೆದರೂ ಕೂರಲಿಲ್ಲ.

"ಮಿಸ್, ಇದು ನಿಜಾನಾ?"

"ಬಡ್ ತಪ್ಪಾಗಿ ಬರೆದಿದ್ದಾನೆ."

"ಹಂಗಾದ್ರೆ ನೀವು ವಿರೋಧ ಇಲ್ಲ."

"ನೀವು ವಿರೋಧ ಇಲ್ಲ ಅನ್ನೋದು ವಾಕ್ಯವೇ ಅಲ್ಲ. ನನ್ನ ವಿರೋಧ ಇಲ್ಲ."

"ಸರಿ. ಈಗ ನೀವೇ ಹೇಳಿದ್ರಲ್ಲ. ಇದನ್ನೇ ಬಂದು ಕಾಲೇಜಿನ ಪದವಿ ಸಮಿತೀಲಿ ಹೇಳಿ."

ನಾನು ಹೇಳಿರಲಿಲ್ಲ, ತಿದ್ದಿದ್ದೆ. ಆದರೆ ಅವಳು ಆಗಲೇ ಮುಂದಿನ ಮಾತಿಗೆ ಹೋಗಿದ್ದಳು. ಜೂನ್‌ನಲ್ಲಿ ರಾಜ್ಯದ ಮಂಡಳಿಯಿಂದ ಪರಿಶೀಲಕರು ಬರುತ್ತಾರಂತೆ. ಊರಿಗೆ ಈ ಪದವಿ ಬೇಕಾಗಿದೆಯೇ, ಓದುವವರಿದ್ದಾರೆಯೇ ಎಂಬುದನ್ನು ನೋಡಿ ಒಪ್ಪಿಗೆ ಕೊಡುತ್ತಾರೆ, ಇಲ್ಲವೇ ನಿರಾಕರಿಸುತ್ತಾರೆ. ನಿರಾಕರಿಸಿದರೆ ಕಾಲೇಜು ಮತ್ತೊಮ್ಮೆ ಕೇಳುವುದಿಲ್ಲವೆಂದು ಡೀನ್ ಹೇಳಿದ್ದಾರಂತೆ.

"ಒಂಬತ್ತು ವರ್ಷದಿಂದ ಮೂರನೇ ಕ್ಲಾಸಿಗೆ ಪಾಠ ಮಾಡ್ತಿರೋದು ನಾನು, ಮಿಸ್. ಬಾಗಿಲ ಮೇಲೆ ಮಾತ್ರ ಬೇರೆಯವರ ಹೆಸರು. ಈ ವರ್ಷ ಆಗ್ಲೇ ಮೂರು ಸಲ ಹೆಸರು ಬದಲಾಯ್ತು. ಘಟ್ಟದ ಆಚೆಯಿಂದ ಬರ್ತಾರೆ, ಒಂದು ಚಳಿಗಾಲ ನೋಡ್ತಾರೆ, ಹೋಗ್ತಾರೆ. ನಾನು ಓದೋಕೆ ಆಚೆ ಹೋಗೋ ಹಾಗಿಲ್ಲ. ಹಿಮ ಬಿದ್ರೆ ದಾರಿ ಮುಚ್ತಾರೆ. ಮಕ್ಕಳನ್ನ ಯಾರ ಹತ್ರ ಬಿಡ್ಲಿ?"

ನಾನು ಸಮಿತಿಗೆ ಬರುತ್ತೇನೆಂದೆ. ಬಡ್‌ನ ತಪ್ಪನ್ನು ಅಧಿಕೃತವಾಗಿ ತಿದ್ದಲು ಅದೊಂದೇ ದಾರಿ, ಬೇರೆ ಕಾರಣವಿಲ್ಲ.

ಏಪ್ರಿಲ್ ೮, ಮಂಗಳವಾರ

ಒಪ್ಪಿಕೊಂಡ ಕೆಲಸವನ್ನು ಅರೆಮನಸ್ಸಿನಿಂದ ಮಾಡುವವಳು ನಾನಲ್ಲ. ಆದ್ದರಿಂದ ಇಂದು ಶಾಲೆಗೆ ಹೋಗಿ ಮೂರನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತೆ. ಈ ತಿಂಗಳ ಬದಲಿ ಶಿಕ್ಷಕ ಮೂಲೆಯಲ್ಲಿ ತನ್ನ ಫೋನು ನೋಡುತ್ತಿದ್ದ. ಪಾಠ ನಡೆಸಿದವಳು ಸಹಾಯಕಿ.

ಅವಳ ಪಾಠ ಚೆನ್ನಾಗಿತ್ತು. ಆದರೆ ಅವಸರದ್ದೂ ಆಗಿತ್ತು. ಓದಲು ಬಾರದ ಮಕ್ಕಳು ಚಿತ್ರ ನೋಡಿ ಪದವನ್ನು ಊಹಿಸುತ್ತಾರೆಂದು ಅವಳು ಚಿತ್ರಗಳ ಮೇಲೆ ಅಂಗೈ ಇಟ್ಟು ಓದಿಸುತ್ತಾಳೆ. ಬಹಳ ಮಕ್ಕಳು ಅದರಿಂದ ಮುಂದೆ ಸಾಗಿದರು. ಪಲೋಮಾ ಎಂಬ ಹುಡುಗಿ ಮಾತ್ರ ಸಾಗಲಿಲ್ಲ. ಚಿತ್ರ ಮುಚ್ಚಿದೊಡನೆ ಅವಳು ಯೆಸೇನಿಯಾಳ ಮುಖವನ್ನು ಓದತೊಡಗಿದಳು.

ಗಂಟೆ ಬಾರಿಸಿದ ಮೇಲೆ ನಾನು ನಾಲ್ಕು ದೋಷಗಳನ್ನು ತಿಳಿಸಿದೆ. ಅವಳು ತಲೆ ತಗ್ಗಿಸಲಿಲ್ಲ.

"ಅದೇ ಮಿಸ್ ನನಗೆ ಬೇಕಾಗಿರೋದು. ಕೆಲಸ ಮಾಡತ್ತೆ ಅಂತ ಗೊತ್ತು. ಯಾಕೆ ಮಾಡತ್ತೆ ಅಂತ ಗೊತ್ತಿಲ್ಲ. ಪಲೋಮಾ ಹತ್ರ ಕೈಕೊಟ್ಟಾಗ ನನ್ನ ಹತ್ರ ಇನ್ನೊಂದು ದಾರಿನೇ ಇರಲ್ಲ. ನಿಮಗೆ ಗೊತ್ತಾ, ಅವಳಿಗೆ ಏನು ಮಾಡ್ಬೇಕು?"

ಆ ಹೊತ್ತಿಗೆ ಶಾಲೆಯ ಬಸ್ಸು ಬಂದಿತು.

ಮನೆಗೆ ನಡೆದು ಬರುವಾಗ ಡೀಟ್ಸ್ ತೋಟದ ಚೆರ್ರಿ ಮರಗಳು ತುಂಬ ಹೂಬಿಟ್ಟಿದ್ದವು. ಅಟ್ಟದಿಂದ ಓದುಗಾರಿಕೆಯ ಬೋಧನೆಯ ಹಳೆಯ ಪುಸ್ತಕಗಳ ಪೆಟ್ಟಿಗೆಯನ್ನು ಇಳಿಸಿದ್ದೇನೆ. ಪಲೋಮಾಳ ಬಗೆಗೆ ಎರಡು ಊಹೆಗಳಿವೆ. ಚಹಾ ಮಾಡಿ ಕುಡಿಯಲು ಮರೆತೆ.

ಮೇ ೬, ಮಂಗಳವಾರ

ಸಮಿತಿಯ ಸಭೆ. ಡೀನ್ ಟ್ರೆಂಟ್ ಕರಾವಳಿಯ ನಗರದಿಂದ ಬಂದ ಯುವಕ. ಸಭ್ಯ, ಆದರೆ ಮಾತಿಗೊಮ್ಮೆ "ಒಂಥರಾ" ಎನ್ನುತ್ತಾನೆ. ಎರಡು ಬಾರಿ ತಡೆದೆ. ಮೂರನೆಯ ಬಾರಿ ಅವನೇ ತಡೆದುಕೊಂಡ.

ಪರಿಶೀಲಕರ ಭೇಟಿಗೆ ಜೂನ್ ಹದಿನೆಂಟು ಗೊತ್ತಾಯಿತು. ಡೀನ್‌ಗೆ ಅನುಮಾನವಿತ್ತು. "ಚೆರ್ರಿ ಕೊಯ್ಲಿಗೆ ಅಡ್ಡ ಬರಲ್ಲ ತಾನೇ, ಮಿಸ್ ಲಿಂಡ್‌ಕ್ವಿಸ್ಟ್? ಆ ಟೈಮಲ್ಲಿ ಇಲ್ಲಿ ಮದುವೆ ಕೂಡ ಇಟ್ಕೊಳಲ್ಲ ಅಂತಾರೆ."

ಈ ಊರಿನಲ್ಲಿ ಹುಟ್ಟಿದ ಎಲ್ಲರಿಗೂ ಅದಕ್ಕೆ ಉತ್ತರ ಗೊತ್ತು. ಹೂ ತುಂಬಿದ ದಿನದಿಂದ ಎಣಿಸಬೇಕು. ನಾನು ಎಣಿಸಿದೆ, ಕೊಯ್ಲು ಜೂನ್ ಕೊನೆಗೆ ಬಂದಿತು. "ನಿಶ್ಚಿಂತೆಯಿಂದಿರಿ. ಶಾಲೆಗೂ ಆಗ ರಜೆ, ಸಹಾಯಕಿಯರೆಲ್ಲ ಬಿಡುವಾಗಿರ್ತಾರೆ" ಎಂದು ಭರವಸೆ ಕೊಟ್ಟೆ.

ಮೇಜಿನ ಆ ತುದಿಯಲ್ಲಿದ್ದ ಯೆಸೇನಿಯಾ, "ಹದಿನೆಂಟಾ?" ಎಂದಳು. ಆಮೇಲೆ, "ಸರಿ" ಎಂದಳು.

ಪಲೋಮಾಳಿಗೆ ಪದಗಳನ್ನು ಮರಳಿನಲ್ಲಿ ಬರೆಸಿ ನೋಡಿದೆವು. ಏನೂ ಆಗಲಿಲ್ಲ. ಗುರುವಾರ ಇನ್ನೊಂದು ಪ್ರಯೋಗ.

ಜೂನ್ ೧೨, ಗುರುವಾರ

ಮೇ ಕೊನೆಯಿಂದ ಬಿಟ್ಟೂಬಿಡದ ಬಿಸಿಲು. ಎಣಿಕೆ ಕೆಟ್ಟಿತು. ವಾಲ್ಟ್ ಡೀಟ್ಸ್‌ನ ಚೆರ್ರಿ ಆಗಲೇ ಕಪ್ಪುಗೆಂಪಾಗಿದೆ, ಶನಿವಾರದಿಂದ ಕೊಯ್ಲು.

ಹಾಗಿದ್ದರೇನು, ಕೊಯ್ಯುವವರು ಬೇರೆ, ನಮ್ಮ ವಿದ್ಯಾರ್ಥಿಗಳು ಬೇರೆ ಎಂದು ಯೆಸೇನಿಯಾಳ ಮನೆಗೆ ಹೋಗಿ ಹೇಳಿದೆ. ಅವಳು ತಾಯಿಯ ಮುಖ ನೋಡಿದಳು. ತಾಯಿಯನ್ನು ಊರೆಲ್ಲ ದೋನ್ಯಾ ಚಾಯೊ ಎನ್ನುತ್ತದೆ; ದೋನ್ಯಾ ಎಂದರೆ ಅವರ ಸ್ಪ್ಯಾನಿಷ್ ಮಾತಿನಲ್ಲಿ ಅಮ್ಮನವರು. ಡೀಟ್ಸ್ ಷೆಡ್‌ನಲ್ಲಿ ಹಣ್ಣು ಆರಿಸುವ ಸಾಲಿಗೆ ಅವಳೇ ಹಿರಿಯಳು.

"ಮಿಸ್, ಬೇಸಿಗೇಲಿ ನಮಗೆ ಸಂಬಳ ಇಲ್ಲ" ಎಂದಳು ಯೆಸೇನಿಯಾ. "ಸಹಾಯಕಿಯರೆಲ್ಲ ಷೆಡ್‌ನಲ್ಲೇ ಇರ್ತೀವಿ. ರಜೇಲಿ ನಾವು ಎಲ್ಲಿಗೆ ಹೋಗ್ತೀವಿ ಅನ್ಕೊಂಡಿದ್ರಿ?"

"ಸರೋವರಕ್ಕೆ" ಎಂದೆ.

ಶಿಕ್ಷಕಿಯೆಂಬುದನ್ನು ತನ್ನ ಸ್ಪ್ಯಾನಿಷ್‌ನಲ್ಲೇ ಕರೆಯುವ ದೋನ್ಯಾ ಚಾಯೊ ಕುರ್ಚಿ ಹಿಡಿದುಕೊಂಡು ನಕ್ಕಳು. "ಮಾಯೆಸ್ತ್ರಾ, ಸರೋವರದಲ್ಲಿ ಚೆರ್ರಿ ಬೆಳೆಯಲ್ಲ."

"ಆ ದಿನ ಸಭೆಯಲ್ಲೇ ಹೇಳಬಾರದಿತ್ತಾ?" ಎಂದು ಯೆಸೇನಿಯಾಳನ್ನು ಕೇಳಿದೆ.

"ಡೀನ್ ಎದುರಿಗೆ ದಿನ ಆಗಲ್ಲ ಅಂದ್ರೆ, ಇವಳಿಗೆ ಓದೋ ಮನಸ್ಸಿಲ್ಲ ಅನ್ಕೋತಾರೆ. ನೀವು ಬೇರೆ ಗ್ಯಾರಂಟಿ ಕೊಟ್ಟುಬಿಟ್ರಿ."

ಮೂವತ್ತೆಂಟು ವರ್ಷ ಆ ಶಾಲೆಯಲ್ಲಿದ್ದೆ. ಸಹಾಯಕಿಯರ ಬೇಸಿಗೆಯ ವಿಚಾರ ಯಾರೂ ನನಗೆ ತಿಳಿಸಿರಲಿಲ್ಲ. ತಿಳಿಸಬೇಕಾಗಿತ್ತು.

ಪರಿಶೀಲಕರ ದಿನ ಬದಲಾಗದು. ಅವರು ಇನ್ನೂ ಐದು ಊರುಗಳಿಗೆ ಹೋಗಬೇಕು. ನೇರವಾಗಿ ವಾಲ್ಟ್ ಬಳಿಗೆ ಹೋದೆ. ಅವನೂ ನನ್ನ ವಿದ್ಯಾರ್ಥಿಯೇ. ಹದಿನೆಂಟರಂದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪದವಿಗೆ ಹೆಸರು ಕೊಟ್ಟ ಹನ್ನೆರಡು ಮಂದಿಯನ್ನೂ ಬಿಡುತ್ತೇನೆಂದು ಒಪ್ಪಿದ. "ಮಳೆ ಬರದೇ ಇದ್ರೆ ಮಾತ್ರ, ಮಿಸ್" ಎಂದ. ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ.

ಜೂನ್ ೧೭, ಮಂಗಳವಾರ

ನಿಂಬೆಯ ಸಿಹಿ ಬಿಲ್ಲೆಗಳನ್ನು ಎರಡು ತಟ್ಟೆ ಬೇಯಿಸಿದೆ. ಮೊದಲನೆಯದು ಸೀದುಹೋಯಿತು, ಮತ್ತೆ ಮಾಡಿದೆ. ಬೂದು ಕೋಟಿಗೆ ಇಸ್ತ್ರಿಯಾಯಿತು. ನಾಳೆ ಮೂರು ಗಂಟೆಗೆ.

ಜೂನ್ ೧೮, ಬುಧವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ತಗಡಿನ ಮೇಲೆ ಬಿದ್ದ ಮಳೆ. ಅದರ ಹಿಂದೆಯೇ ಹೆಲಿಕಾಪ್ಟರುಗಳ ಸದ್ದು. ಮಾಗಿದ ಚೆರ್ರಿಯ ಮೇಲೆ ನೀರು ನಿಂತರೆ ಹಣ್ಣು ಸೀಳುತ್ತದೆ. ಆದ್ದರಿಂದ ತೋಟದವರು ಹೆಲಿಕಾಪ್ಟರನ್ನು ಮರಗಳ ತಲೆಯ ಮೇಲೇ ತಂದು ಗಾಳಿಯಲ್ಲಿ ನೀರು ಕೊಡವಿಸುತ್ತಾರೆ. ಆ ಸದ್ದು ಕೇಳಿತೆಂದರೆ ಊರಿನಲ್ಲಿ ಯಾರಿಗೂ ಬಿಡುವಿಲ್ಲ. ಕೊಯ್ದ ಹಣ್ಣನ್ನು ಅಂದೇ ಆರಿಸಿ ತಣ್ಣನೆಯ ಕೋಣೆಗೆ ಸೇರಿಸಬೇಕು. ವಾಲ್ಟ್‌ನ ಮಾತು ಮಳೆಯೊಡನೆಯೇ ಕೊಚ್ಚಿಹೋಯಿತು.

ಮೂರು ಗಂಟೆಗೆ ಕಾಲೇಜಿನ ಹೊಸ ಕೋಣೆಯಲ್ಲಿ ಹನ್ನೆರಡು ಖಾಲಿ ಕುರ್ಚಿಗಳು, ಡೀನ್, ನಾನು, ನನ್ನ ಸಿಹಿ. ಪರಿಶೀಲಕರು ಮೂವರು. ಹಿರಿಯರು ಡಾಕ್ಟರ್ ಸ್ಟೋಲ್ಟ್ಸ್, ಬೆಳ್ಳಿ ಕೂದಲಿನ ಗಂಭೀರ ಹೆಂಗಸು. ಡೀನ್ ಪರದೆಯ ಮೇಲೆ ಚಿತ್ರಗಳನ್ನು ಒಂದಾದಮೇಲೊಂದು ಓಡಿಸಿದ. ಆಕೆ ಪರದೆಯನ್ನು ನೋಡಲೇ ಇಲ್ಲ, ಕುರ್ಚಿಗಳನ್ನು ನೋಡುತ್ತಿದ್ದರು.

"ಮಿಸ್ಟರ್ ಟ್ರೆಂಟ್, ಕಟ್ಟಡ ಚೆನ್ನಾಗಿದೆ. ನಾವು ಬಂದಿರೋದು ಓದೋರು ಇದಾರಾ ಅಂತ ನೋಡೋಕೆ."

ಡೀನ್‌ನ ಹಣೆಯಲ್ಲಿ ಬೆವರು. "ಇವತ್ತು ಒಂಥರಾ…" ಎಂದ. ನಾನು ತಿದ್ದಲಿಲ್ಲ, ಎದ್ದು ನಿಂತಿದ್ದೆ.

"ಕೋಟು ಹಾಕ್ಕೊಳ್ಳಿ" ಎಂದೆ. "ಅವರು ಇಲ್ಲಿಗೆ ಬರೋಕಾಗಲ್ಲ. ನಾವೇ ಹೋಗೋಣ."

"ಎಲ್ಲಿಗೆ?"

"ನಮ್ಮ ವಿದ್ಯಾರ್ಥಿಗಳಿರೋ ಕಡೆಗೆ."

ಐವರೂ ನನ್ನ ಬ್ಯೂಕ್ ಕಾರಿನಲ್ಲಿ ತುಂಬಿಕೊಂಡೆವು. ಡೀನ್ ಸಿಹಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ನಾನು ವೇಗವಾಗಿ ಓಡಿಸಿದೆನೆಂದು ಆಮೇಲೆ ಹೇಳಿದ, ಅದು ಉತ್ಪ್ರೇಕ್ಷೆ.

ಷೆಡ್‌ನ ಬಾಗಿಲಲ್ಲಿ ವಾಲ್ಟ್ ಎರಡೂ ಕೈ ಚಾಚಿ ತಡೆದ. "ಮಿಸ್, ಲೈನ್ ನಿಲ್ಲಿಸೋಕಾಗಲ್ಲ. ನಿಲ್ಲಿಸಿದ್ರೆ ಇಡೀ ವರ್ಷದ್ದು ಹೋಯ್ತು. ಬೈದ್ರೂ ಸರಿ, ಒಂದು ಗಂಟೆ ಮೂಲೇಲಿ ನಿಲ್ಸಿದ್ರೂ ಸರಿ."

"ನಿಲ್ಲಿಸು ಅಂತ ಯಾರು ಹೇಳಿದ್ರು, ವಾಲ್ಟರ್? ಐದು ತಲೆಬಲೆ ಕೊಡು. ಕೈಗವಸೂ ಕೊಡು."

ಹೀಗೆ ರಾಜ್ಯದ ಮಂಡಳಿಯವರು ಕೂದಲಿಗೆ ಬಲೆ ಹಾಕಿಕೊಂಡು ಸಾಲಿನಲ್ಲಿ ನಿಂತರು. ಯಂತ್ರ ಎಳೆಯುವ ಪಟ್ಟಿಯ ಮೇಲೆ ಚೆರ್ರಿ ನದಿಯಂತೆ ಹರಿಯುತ್ತಿತ್ತು. ಡಾಕ್ಟರ್ ಸ್ಟೋಲ್ಟ್ಸ್ ಯೆಸೇನಿಯಾಳ ಪಕ್ಕಕ್ಕೆ ಹೋಗಿ ನಿಂತು, ಯಂತ್ರದ ಗದ್ದಲದಲ್ಲಿ ಕೂಗಿ ಕೇಳಿದರು:

"ನಿಮಗೆ ಪಾಠ ಮಾಡೋಕೆ ಆಗ್ಲೇ ಬರತ್ತೆ ಅಂತ ಡೀನ್ ಹೇಳಿದ್ರು. ಮತ್ತೆ ಓದು ಯಾಕೆ?"

"ಹಂಗೆ ಹೇಳೋರು ಪಲೋಮಾನ ನೋಡಿಲ್ಲ" ಎಂದಳು ಯೆಸೇನಿಯಾ, ಕಣ್ಣು ಹಣ್ಣಿನ ಮೇಲೆಯೇ ಇಟ್ಟು. "ಎಂಟು ವರ್ಷದವಳು. ಓದಕ್ಕೆ ಬರಲ್ಲ. ನನಗೆ ಗೊತ್ತಿರೋದೆಲ್ಲ ಮಾಡ್ದೆ. ಮಿಸ್ ಲಿಂಡ್‌ಕ್ವಿಸ್ಟ್‌ಗೆ ಗೊತ್ತಿರೋದನ್ನೂ ಮಾಡಿದ್ವಿ, ಮರಳು, ಚಪ್ಪಾಳೆ, ಎಲ್ಲ. ಆಗ್ಲಿಲ್ಲ. ಎಲ್ಲೋ ಯಾರೋ ಇದನ್ನ ಕೂತು ಯೋಚನೆ ಮಾಡಿರ್ತಾರಲ್ಲ, ಡಾಕ್ಟರ್? ಅದು ನನಗೆ ಬೇಕು."

"ಪದವಿ ಸಿಕ್ಕಮೇಲೆ ನೀವೂ ಊರು ಬಿಡ್ತೀರಿ. ಎಲ್ಲ ಕಡೆ ಅದೇ ನಡೆಯೋದು."

"ಬಿಟ್ಟೋರೆಲ್ಲ ಪದವಿ ತರೋಕೆ ಅಂತ ಹೋದೋರು. ಅಲ್ಲೇ ಓದು, ಅಲ್ಲೇ ಪ್ರೀತಿ, ಅಲ್ಲೇ ಮನೆ. ನಾನು ಹೋಗೋದೇ ಇಲ್ವಲ್ಲ. ಹೋಗದೇ ಇರೋಳಿಗೆ ವಾಪಸ್ ಬರ್ತೀಯಾ ಅಂತ ಯಾಕೆ ಕೇಳ್ಬೇಕು?"

ನಾನು ಒಂದು ಮಾತನ್ನೂ ಸೇರಿಸಲಿಲ್ಲ. ಎರಡು ಬಾರಿ ಸೇರಿಸಿದೆನೆಂದು ವಾಲ್ಟ್ ಹೇಳುತ್ತಾನೆ.

ಡಾಕ್ಟರ್ ಏನನ್ನೋ ಹೇಳಹೊರಟಾಗ ಎದುರಿನಿಂದ ದೋನ್ಯಾ ಚಾಯೊ ಬೆರಳು ತೋರಿಸಿದಳು. "ದೊತೋರಾ, ಮಾತಾಡ್ತಾ ಮಾತಾಡ್ತಾ ಸೀಳಿದ್ದೆಲ್ಲ ಬಿಡ್ತಿದೀರಾ. ನೋಡಿ, ಅದೊಂದು. ಅಗೋ, ಇನ್ನೊಂದು."

ಆಕೆ ಕೆಂಪಾದರು. ಬಾಗಿ ಎರಡನ್ನೂ ಹೆಕ್ಕಿದರು. ಅಲ್ಲಿಂದ ಮುಂದೆ ಆಕೆಯ ಕೈ ನಿಲ್ಲಲಿಲ್ಲ.

ಇನ್ನೊಬ್ಬ ಪರಿಶೀಲಕನಿಗೆ ಸಂಶಯ. ಷೆಡ್‌ನಲ್ಲಿ ಎಪ್ಪತ್ತು ಹೆಂಗಸರಿದ್ದರು; ಎಲ್ಲರಿಗೂ ಒಂದೇ ಬಲೆ, ಒಂದೇ ಏಪ್ರನ್. "ಇವರಲ್ಲಿ ಓದೋರು ಯಾರು ಅಂತ ಹೇಗೆ ತಿಳ್ಕೊಳ್ಳೋದು?"

ನಾನು ತಕ್ಕಡಿಯ ಕಟ್ಟೆಯ ಮೇಲೆ ಹತ್ತಿ ನಿಂತೆ. ನಿವೃತ್ತಿಯಾದ ಮೇಲೆ ಆ ಧ್ವನಿಯನ್ನು ಬಳಸಿರಲಿಲ್ಲ. ಎದೆಯಲ್ಲಿ ಎಲ್ಲಿಟ್ಟಿದ್ದೆನೋ ಅಲ್ಲಿಯೇ ಇತ್ತು. ಒಂದೊಂದೇ ಹೆಸರು ಕೂಗಿದೆ. ಹೆಸರು ಕರೆದಂತೆಲ್ಲ ಸಾಲಿನಲ್ಲಿ ಒಂದೊಂದು ಕೈ ಮೇಲೆದ್ದಿತು: ಚೆರ್ರಿರಸದಿಂದ ಕೆಂಪಾದ ಕೈಗವಸು, ಕ್ಷಣಮಾತ್ರ, ಮತ್ತೆ ಹಣ್ಣಿಗೆ. ಯಾರೂ ತಲೆಯೆತ್ತಲಿಲ್ಲ. ಹನ್ನೆರಡು ಹೆಸರಿಗೆ ಹನ್ನೊಂದು ಕೈ.

"ಕೋಡಿ ತೋಟದಲ್ಲಿ ಟ್ರ್ಯಾಕ್ಟರ್ ಮೇಲಿದಾನೆ, ಮಿಸ್" ಎಂದು ಯಾರೋ ಕೂಗಿದರು. "ಅವನ ಪಾಲಿನ ಕೈ ನಾನೇ ಎತ್ಲಾ?"

"ಒಬ್ಬರ ಹಾಜರಿ ಇನ್ನೊಬ್ಬರು ಹಾಕೋ ಹಾಗಿಲ್ಲ" ಎಂದೆ. ಷೆಡ್ ಇಡೀ ನಕ್ಕಿತು. ಡಾಕ್ಟರ್ ಸ್ಟೋಲ್ಟ್ಸ್ ಕೂಡ.

ಸಿಹಿ ಖಾಲಿಯಾಯಿತು. ತಟ್ಟೆ ವಾಲ್ಟ್ ಬಳಿಯೇ ಉಳಿದಿದೆ.

ಜೂನ್ ೧೯, ಗುರುವಾರ

ಗಂಟಲು ಕಟ್ಟಿದೆ. ಮಾತಿಲ್ಲ. ಏನೋ ಹಾಯೆನಿಸುತ್ತದೆ.

ಜುಲೈ ೪, ಶುಕ್ರವಾರ

ಉದ್ಯಾನದ ಊಟದಲ್ಲಿ ನೆರೆಮನೆಯ ಹೇಝೆಲ್ ನಮ್ಮ ಕಾಲೇಜನ್ನು "ಆ ಟೈರಂಗಡಿ ಕಾಲೇಜು" ಎಂದಳು. ಕಟ್ಟಡದ ವಿಳಾಸವೂ ಸಂಸ್ಥೆಯ ಹೆಸರೂ ಬೇರೆಬೇರೆ ಎಂದು ವಿವರಿಸಿದೆ. ಅವಳು ತನ್ನ ತಟ್ಟೆ ತೆಗೆದುಕೊಂಡು ಬೇರೆ ಮೇಜಿಗೆ ಹೋದಳು. ಕೆಲವರಿಗೆ ತಿದ್ದಿದರೆ ಸಹಿಸಲಾಗದು.

ಮಂಡಳಿಯಿಂದ ಇನ್ನೂ ಸುದ್ದಿಯಿಲ್ಲ. ಯೆಸೇನಿಯಾ ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಬುಧವಾರಗಳಂದು ಪಲೋಮಾಳನ್ನು ಕೂರಿಸಿಕೊಂಡು ಓದಿಸುತ್ತೇವೆ.

ಆಗಸ್ಟ್ ೧೪, ಗುರುವಾರ

ಹತ್ತು ಗಂಟೆಗೆ ಡೀನ್ ಟ್ರೆಂಟ್ ನನ್ನ ಅಂಗಳದ ಹೂಪಾತಿಯನ್ನು ತುಳಿದುಕೊಂಡೇ ಓಡಿ ಬಂದ. ಟೈ ಇರಲಿಲ್ಲ. "ಕೊಟ್ರು" ಎಂದ. ಕರ್ತೃವಿಲ್ಲ, ಕರ್ಮವಿಲ್ಲ, ಬರೀ ಕ್ರಿಯಾಪದ. ಅದಕ್ಕಿಂತ ಪೂರ್ಣವಾದ ವಾಕ್ಯವನ್ನು ನಾನು ಕೇಳಿಲ್ಲ.

ಇಬ್ಬರೂ ಷೆಡ್‌ಗೆ ಹೋದೆವು. ಈಗ ಅಲ್ಲಿ ಪಿಯರ್ ಹಣ್ಣು ಆರಿಸುವ ಕಾಲ. ಯೆಸೇನಿಯಾ ನಮ್ಮಿಬ್ಬರ ಮುಖ ನೋಡಿ ಕೈಗವಸು ಬಿಚ್ಚಿದಳು. ಹೋಗಿ ತಾಯಿಯ ಹೆಗಲಿಗೆ ಹಣೆ ಒತ್ತಿ ನಿಂತಳು. ದೋನ್ಯಾ ಚಾಯೊ ಒಂದು ಕೈಯಲ್ಲಿ ಮಗಳ ಬೆನ್ನು ಸವರುತ್ತ ಇನ್ನೊಂದು ಕೈಯಲ್ಲಿ ಪಿಯರ್ ಆರಿಸುತ್ತಲೇ ಇದ್ದಳು.

ಹಿಂದಿರುಗುವಾಗ ಡೀನ್ ಕೇಳಿದ: "ಓದು ಕಲಿಸೋ ವಿಷಯಕ್ಕೆ ಅಧ್ಯಾಪಕರು ಸಿಕ್ಕಿಲ್ಲ. ನಿಮಗೆ ಅರ್ಹತೆ ಇದೆ, ಮಿಸ್ ಲಿಂಡ್‌ಕ್ವಿಸ್ಟ್."

"ನಾನು ನಿವೃತ್ತಳು."

"ಗೊತ್ತು."

"ಸೈಕಲ್ಲಿನ ಮಾತು ಆಡಿದವಳೂ ನಾನೇ ಅಂತ ಊರೆಲ್ಲ ನಂಬಿದೆ."

"ಅದೂ ಗೊತ್ತು."

"ಯಾವ ವಾರ?" ಎಂದು ಕೇಳಿದೆ.

ಸೆಪ್ಟೆಂಬರ್ ೨೨, ಸೋಮವಾರ

ಮೊದಲ ತರಗತಿ, ಸಂಜೆ ಆರಕ್ಕೆ. ಶಾಲೆಯ ಬಸ್ಸುಗಳು ನಿಲ್ದಾಣ ಸೇರಿ, ಮನೆಯಲ್ಲಿ ಮಕ್ಕಳ ಊಟವಾಗುವ ಹೊತ್ತಿಗೆ ಹೊಂದುವಂತೆ ಗೊತ್ತುಮಾಡಿದ್ದೇವೆ. ನಾನು ನಾಲ್ಕೂವರೆಗೇ ಹೋಗಿ ಹಲಗೆ ಒರೆಸಿದೆ. ಪಾಠ ಪಲೋಮಾಳಿಂದಲೇ ಆರಂಭ: ನಮಗೆ ತಿಳಿಯದ್ದೇನು ಎಂಬುದರಿಂದ. ಕಳೆದ ಬುಧವಾರ ಅವಳು ಪುಸ್ತಕದಿಂದ ಕಣ್ಣೆತ್ತದೆ ಮೂರು ಸಾಲು ಓದಿದಳು. ಏಕೆಂದು ನಮಗಿನ್ನೂ ತಿಳಿದಿಲ್ಲ.

ಬಡ್ ಹ್ಯಾಸ್ಕೆಲ್ ಕ್ಯಾಮೆರಾ ಹಿಡಿದು ಬಂದಿದ್ದ. "ಸುಮಾರು ಹದಿನೈದು ಜನ ಸೇರಿದ್ರು ಅಂತ ಹಾಕ್ಲಾ, ಮಿಸ್?"

"ಹಾಜರಿಗೆ ‘ಸುಮಾರು’ ಅನ್ನೋದಿಲ್ಲ, ಬಡ್."

ಅವನು ಬರೆದುಕೊಂಡ, ಆದರೂ ಗುರುವಾರ ಏನು ಅಚ್ಚಾಗುವುದೋ ತಿಳಿಯದು. ಆದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ. ಇಂದು ಸಂಜೆ ಹಾಜರಿದ್ದವರು:

ಬ್ರಿಸೇದಾ ಕಾಂತೂ, ಎರಡನೆಯ ತರಗತಿಯ ಸಹಾಯಕಿ.

ಪೆಗ್ಗಿ ಡೀಟ್ಸ್, ವಾಲ್ಟ್‌ನ ಸೊಸೆ. ನನ್ನ ತಟ್ಟೆಯನ್ನು ತೊಳೆದು ತಂದಿದ್ದಳು.

ಡೀಡ್ರಾ ಹಾಫ್‌ಮನ್.

ಇಟ್ಸೆಲ್ ಮಗಾನ್ಯಾ ಮತ್ತು ಅವಳ ತಂಗಿ ಅನಾಹೀ ಮಗಾನ್ಯಾ, ಒಂದೇ ಪುಸ್ತಕದೊಂದಿಗೆ.

ಟ್ವೈಲಾ ಮೆಕ್‌ಫರ್ಸನ್, ಗ್ರಂಥಾಲಯದವಳು.

ಲೋರೆಟಾ ಮೋಸೆಸ್, ನದಿಯಾಚೆಯ ಬುಡಕಟ್ಟಿನ ಶಾಲೆಯಿಂದ.

ಒಲಿಂಪಿಯಾ ಪ್ರಾದೊ.

ಯಾದಿರಾ ಸಾಲ್ದಾನಾ, ಮಲಗಿದ ಮಗುವಿನ ಸಮೇತ.

ಕೋಡಿ ಸ್ವೆನ್ಸನ್, ಬಸ್ಸಿನ ಚಾಲಕ. ಈ ಬಾರಿ ತನ್ನ ಕೈಯನ್ನು ತಾನೇ ಎತ್ತಿದ, ಎರಡನ್ನೂ.

ಜೋಲೀನ್ ಅಬರ್ನಾತಿ.

ಯೆಸೇನಿಯಾ ಒರೋಸ್ಕೊ, ಮೊದಲ ಸಾಲು, ಕಿಟಕಿಯ ಪಕ್ಕ.

ಪಟ್ಟಿಯನ್ನು ಮಡಿಸುವಾಗ ಹಿಂದಿನ ಬಾಗಿಲ ಬಳಿಯಿಂದ ಒಂದು ಧ್ವನಿ ಬಂದಿತು. ಎಲ್ಲರಿಗೂ ತಮಾಲೆ ಎಂಬ ಮೆಕ್ಕೆಜೋಳದ ಕಡುಬಿನ ಪಾತ್ರೆ ಹೊತ್ತು ತಂದವಳು ಹೊರಡದೆ ಅಲ್ಲಿಯೇ ಕುಳಿತುಬಿಟ್ಟಿದ್ದಳು.

"ಮಾಯೆಸ್ತ್ರಾ, ನನ್ನ ಹೆಸರು ಕರೀಲಿಲ್ಲ."

"ನೀವು ಸೇರಿಲ್ವಲ್ಲ, ದೋನ್ಯಾ ಚಾಯೊ."

"ಸೇರಿಲ್ಲ. ಆದ್ರೆ ಇದೀನಲ್ಲ?"

ನಿಯಮದಂತೆ ಅವಳ ಪೂರ್ಣ ಹೆಸರು ಕೇಳಿದೆ. ಇಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. ಅವಳು ಎದ್ದು ನಿಂತು ಹೇಳಿದಳು, ನಾನು ಕರೆದೆ, ಅವಳು ಕೈಯೆತ್ತಿದಳು.

ರೊಸಾರಿಯೊ ಬರಾಗಾನ್. ಹಾಜರು.